ಆರು ತಿಂಗಳ ಮುಂಚೆ, ಬೆಳಗ್ಗೆ ಎಂಟಕ್ಕೆ

ಅಪ್ಪಯ್ಯ ಅಮ್ಮ ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟಲ್ಲಿ ಇಳಿದಿದ್ದು ಮೇ 18ಕ್ಕೆ. ಪಾಸ್‌ಪೋರ್ಟ್ ಮೇಲೆ ಆರು ತಿಂಗಳು ಇರಬಹುದು ಅಂತ ಸೀಲ್ ಹಾಕಿ ಕಳಿಸಿದ್ರು, ಅಂದ್ರೆ ನವೆಂಬರ್ 17ರವರೆಗೆ. ಮನೆಗೆ ಬಂದು ಕಾಫಿ ಕುಡಿದು, ಬ್ಯಾಗಿಂದ ಅಪ್ಪೆಮಿಡಿ ಡಬ್ಬಿ ಎಲ್ಲಾ ಹೊರಗೆ ತೆಗೆದು, ಅವ್ರಿಬ್ರೂ ಮಲಗಿದ ಮೇಲೆ ನಾನು ಕೂತು ತಾರೀಖು ಲೆಕ್ಕ ಹಾಕಿದೆ. ಇಲ್ಲಿನ ಸ್ಟೇಟ್ ಪಾರ್ಕ್‌ಗಳಲ್ಲಿ ಟೆಂಟ್ ಹಾಕೋ ಜಾಗ ಬೇಕು ಅಂದ್ರೆ ಬುಕಿಂಗ್ ಓಪನ್ ಆಗೋದು ಸರಿಯಾಗಿ ಆರು ತಿಂಗಳ ಮುಂಚೆ, ಬೆಳಗ್ಗೆ ಎಂಟು ಗಂಟೆಗೆ. ಹಾಗಾದ್ರೆ ಅವ್ರು ಬಂದಿಳಿದ ದಿನ ಬೆಳಗ್ಗೆ ಎಂಟಕ್ಕೆ ಓಪನ್ ಆಗಿದ್ದು ನವೆಂಬರ್ 18ರ ರಾತ್ರಿ. ಅವ್ರು ಈ ದೇಶದಲ್ಲಿ ಇರಬಾರದ ಮೊದಲನೇ ರಾತ್ರಿ ಅದು.

ಇದನ್ನ ನಾನು ಯಾರಿಗೆ ಹೇಳಿದ್ರೂ ಓ ಹೌದಲ್ವಾ ಅಂದು ಸುಮ್ಮನಾಗ್ತಾರೆ, ಆದ್ರೆ ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅಪ್ಪ ಅಮ್ಮನ ಜೊತೆ ಇಲ್ಲಿನ ಆಕಾಶದೆತ್ತರದ ರೆಡ್‌ವುಡ್ ಮರಗಳ ಕಾಡಲ್ಲಿ ಒಂದು ರಾತ್ರಿ ಮಲಗಬೇಕು ಅಂತ ಎಷ್ಟು ವರ್ಷದ ಆಸೆ. ಅವ್ರಿಗೆ ಇಲ್ಲಿ ಇರೋಕೆ ಕೊಟ್ಟ ಸಮಯ ಆರು ತಿಂಗಳು, ಕಾಡಿಗೆ ಹೋಗೋಕೆ ಹೇಳಿ ಇಡಬೇಕಾದ ಸಮಯನೂ ಆರು ತಿಂಗಳು, ಎರಡೂ ಒಂದರ ಪಕ್ಕ ಒಂದು ಇಟ್ರೆ ನಡುವೆ ಒಂದು ದಿನಾನೂ ಉಳಿಯಲ್ಲ.

ಗೊತ್ತಿಲ್ಲದವ್ರಿಗೆ ಸ್ವಲ್ಪ ವಿವರ ಹೇಳ್ತೀನಿ. ಕ್ಯಾಲಿಫೋರ್ನಿಯಾದಲ್ಲಿ ಸುಮಾರು 280 ಸ್ಟೇಟ್ ಪಾರ್ಕ್‌ಗಳಿವೆ, ಯೊಸೆಮಿಟಿ ಥರದ ನ್ಯಾಷನಲ್ ಪಾರ್ಕ್‌ಗಳು ಬೇರೆ, ಇವು ರಾಜ್ಯ ಸರ್ಕಾರದ್ದು. ಎಲ್ಲಾ ಸೇರಿ ಹದಿನೈದು ಸಾವಿರದಷ್ಟು ಕ್ಯಾಂಪ್‌ಸೈಟ್. ಕೇಳೋಕೆ ದೊಡ್ಡ ಸಂಖ್ಯೆ, ಆದ್ರೆ ರಾಜ್ಯದ ಜನಸಂಖ್ಯೆ ನಾಲ್ಕು ಕೋಟಿ ಹತ್ತಿರ, ಮತ್ತೆ ಎಲ್ರಿಗೂ ಬೇಕಾಗಿರೋದು ಮಕ್ಕಳಿಗೆ ರಜೆ ಇರೋ ಅದೇ ಹತ್ತು ಹನ್ನೆರಡು ವಾರದ ಶುಕ್ರವಾರ ಶನಿವಾರ. ಒಂದು ಸೈಟ್ ಅಂದ್ರೆ ಒಂದು ಟೆಂಟಿನ ಜಾಗ, ಒಂದು ಮರದ ಮೇಜು ಬೆಂಚು, ಬೆಂಕಿ ಹಾಕೋಕೆ ಕಬ್ಬಿಣದ ಬಳೆ ಥರದ್ದು, ಊಟದ ಸಾಮಾನು ಇಡೋಕೆ ಒಂದು ಪೆಟ್ಟಿಗೆ, ಅಷ್ಟೇ. ಒಂದು ಸೈಟಿಗೆ ಎಂಟು ಜನ. ರಾತ್ರಿಗೆ ಮೂವತ್ತೈದು ಡಾಲರ್ ಆಸುಪಾಸು. ಇಲ್ಲಿನ ಅತಿ ಸಾಧಾರಣ ಮೋಟೆಲ್ ರೂಮಿಗೆ ಹೋಲಿಸಿದ್ರೂ ಅದು ಏನೂ ಅಲ್ಲ, ಹಾಗಾಗಿ ದುಡ್ಡಿದ್ದವ್ರಿಗೂ ಬೇಕು, ಇಲ್ಲದವ್ರಿಗಂತೂ ರಜೆ ಅಂದ್ರೆ ಅದೊಂದೇ ದಾರಿ.

2017ರಿಂದ ಬುಕಿಂಗ್ ಎಲ್ಲಾ ರಿಸರ್ವ್ ಕ್ಯಾಲಿಫೋರ್ನಿಯಾ ಅನ್ನೋ ವೆಬ್‌ಸೈಟಲ್ಲಿ. ದಿನಾ ಬೆಳಗ್ಗೆ ಎಂಟಕ್ಕೆ ಒಂದೊಂದು ದಿನ ಮುಂದಕ್ಕೆ ತೆರೆದುಕೊಳ್ತಾ ಹೋಗುತ್ತೆ. ಬಿಗ್ ಸರ್ ಕಡೆ ಜೂಲಿಯಾ ಫೈಫರ್ ಬರ್ನ್ಸ್ ಅಂತ ಒಂದು ಪಾರ್ಕಿದೆ, ಎಂಬತ್ತು ಅಡಿ ಎತ್ತರದಿಂದ ಜಲಪಾತ ಸೀದಾ ಸಮುದ್ರದ ದಂಡೆಗೇ ಬೀಳುತ್ತಲ್ಲ, ಕ್ಯಾಲೆಂಡರ್‌ಗಳಲ್ಲಿ ನೋಡಿರ್ತೀರ, ಅಲ್ಲಿರೋದು ಬರೀ ಎರಡೇ ಎರಡು ಸೈಟ್. ಇಡೀ ರಾಜ್ಯಕ್ಕೆ ಎರಡು. ಮೌಂಟ್ ಟ್ಯಾಮಲ್‌ಪೈಸ್ ಕೆಳಗೆ ಸ್ಟೀಪ್ ರವೀನ್ ಅಂತ ಸಮುದ್ರಕ್ಕೆ ಮುಖ ಮಾಡಿರೋ ಹಳೇ ಮರದ ಕ್ಯಾಬಿನ್‌ಗಳು, ಕರೆಂಟಿಲ್ಲ, ಬೆರಳಲ್ಲಿ ಎಣಿಸಬಹುದಾದಷ್ಟು. ಇವೆಲ್ಲ ಎಂಟು ಗಂಟೆ ಹೊಡೆದು ಕಣ್ಣು ಮಿಟುಕಿಸೋದ್ರೊಳಗೆ ಹೋಗುತ್ತೆ.

ನಾನು ಒಂದು ಚಳಿಗಾಲ ಪೂರ್ತಿ 7:55ಕ್ಕೆ ಅಲಾರಂ ಇಟ್ಟುಕೊಂಡಿದ್ದೆ. ಒಲೆ ಮೇಲೆ ದೋಸೆ ಕಾವಲಿ, ಪಕ್ಕದಲ್ಲಿ ಲ್ಯಾಪ್‌ಟಾಪು, ಇವ್ರ ಕೈಲಿ ಫೋನು, ಪುಟ್ಟಿಗೆ ಸ್ಕೂಲಿಗೆ ಹೊತ್ತಾಗ್ತಿದೆ, ಎಂಟು ಗಂಟೆ ಆದ ತಕ್ಷಣ ಇಬ್ರೂ ಒತ್ತೋದು, ಒತ್ತಿದ್ರೆ ಆ ಸೈಟ್ ಆಗ್ಲೇ ಬೇರೆಯವ್ರ ಹತ್ರ ಹೋಗಿದೆ ಅಂತ ಬರೋದು. ಆಮೇಲೆ ನಿಧಾನಕ್ಕೆ ಅರ್ಥ ಆಯ್ತು, ನಾನು ಶುಕ್ರವಾರಕ್ಕೆ ಕಾಯ್ತಾ ಇದ್ದೆ, ಗೊತ್ತಿದ್ದವ್ರು ಬುಧವಾರಾನೇ ಮುಗಿಸಿರ್ತಿದ್ರು. ಯಾಕಂದ್ರೆ ಆರು ತಿಂಗಳ ಲೆಕ್ಕ ಹೋಗಿ ಇಳಿಯೋ ದಿನಕ್ಕೆ, ಬುಧವಾರದಿಂದ ಭಾನುವಾರದವರೆಗೆ ಅಂತ ತಗೊಂಡ್ರೆ ಶುಕ್ರವಾರ ಶನಿವಾರ ಎರಡೂ ಅದ್ರೊಳಗೇ ಬಂದುಬಿಡುತ್ತೆ. ಬುಧವಾರ ಗುರುವಾರ ಹೋಗ್ತಾರೋ ಇಲ್ವೋ ಅದು ಬೇರೆ ಮಾತು, ದುಡ್ಡು ಕೊಟ್ಟಿರ್ತಾರೆ, ಜಾಗ ಖಾಲಿ ಬಿದ್ದಿರುತ್ತೆ.

ಜೊತೆಗೆ ನಮ್ಮ ಬೇ ಏರಿಯಾದಲ್ಲಿ, ಅಂದ್ರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ, ಜಾಗಗಳೇ ಕಮ್ಮಿ ಆಗಿವೆ, ಇದು ನನಗೆ ತುಂಬಾ ಬೇಜಾರಿನ ವಿಷಯ. ಬಿಗ್ ಬೇಸಿನ್, 1902ರಲ್ಲಿ ಆದ ಪಾರ್ಕು, ಕ್ಯಾಲಿಫೋರ್ನಿಯಾದಲ್ಲೇ ಎಲ್ಲಕ್ಕಿಂತ ಹಳೇದು. 2020ರ ಆಗಸ್ಟಲ್ಲಿ ಮಿಂಚು ಹೊಡೆದು ಹತ್ತಿದ ಕಾಡ್ಗಿಚ್ಚಲ್ಲಿ ನೂರಕ್ಕೆ 97 ಭಾಗ ಸುಟ್ಟುಹೋಯ್ತು. ಮರಗಳು ಬದುಕಿವೆ, ರೆಡ್‌ವುಡ್ ಅಷ್ಟು ಸುಲಭಕ್ಕೆ ಸಾಯಲ್ಲ, ಕರಿ ಬೋಳು ಕಾಂಡದ ಮೇಲೆಲ್ಲ ಹಸಿರು ಚಿಗುರು ಬಂದು ಕರಡಿ ಮೈಮೇಲೆ ಪಾಚಿ ಬೆಳೆದ ಹಾಗೆ ಕಾಣುತ್ತೆ. ಆದ್ರೆ ಆಫೀಸು, ಕ್ಯಾಂಪ್‌ಗ್ರೌಂಡು, ನೀರಿನ ಪೈಪು ಎಲ್ಲಾ ಬೂದಿ. 2022ರ ಜುಲೈಯಲ್ಲಿ ಹಗಲು ಹೊತ್ತು ಹೋಗಿ ಬರೋಕೆ ಬಿಟ್ರು, ಆಗ ಅದಕ್ಕೂ ಪಾರ್ಕಿಂಗ್ ಬುಕ್ ಮಾಡಬೇಕಿತ್ತು. ಆಮೇಲೆ 2023ರ ಜನವರಿ ಬಿರುಗಾಳಿಲಿ ಸೀಕ್ಲಿಫ್ ಬೀಚಿನ ಕ್ಯಾಂಪ್ ಜಾಗ ಸಮುದ್ರದ ಹೊಡೆತಕ್ಕೆ ಹೋಯ್ತು, ಸಮುದ್ರದೊಳಗೆ ಚಾಚಿಕೊಂಡಿದ್ದ ಹಳೇ ಮರದ ಸೇತುವೆ (ಪಿಯರ್) ಕೂಡ ಮುರಿದು ಆಮೇಲೆ ತೆಗೆದೇ ಹಾಕಿದ್ರು. ಒಂದು ಕಡೆ ಬೆಂಕಿ, ಇನ್ನೊಂದು ಕಡೆ ನೀರು. ಅಲ್ಲಿಗೆ ಹೋಗ್ತಿದ್ದ ಜನ ಎಲ್ಲಿಗೆ ಹೋಗಬೇಕು, ಉಳಿದಿರೋ ಪಾರ್ಕ್‌ಗಳಿಗೇ ಬರಬೇಕು.

ಈಗ ನನ್ನ ತಪ್ಪಿಗೆ ಬರ್ತೀನಿ. ಇದನ್ನ ಬರೀಲೇಬೇಕು ಅಂತಾನೇ ಕೂತಿದ್ದು.

ಅಪ್ಪಯ್ಯ ಅಮ್ಮ ಬಂದ ಹಿಂದಿನ ವರ್ಷಾನೇ ಬರಬೇಕಿತ್ತು. ಜನವರಿಲಿ ಅವ್ರ ವೀಸಾ ಇಂಟರ್ವ್ಯೂ ತಾರೀಖು ಸಿಕ್ಕಿರಲಿಲ್ಲ, ಟಿಕೆಟ್ ಇರಲಿಲ್ಲ, ತೋಟದ ಕೆಲಸಕ್ಕೆ ಯಾರನ್ನ ಬಿಟ್ಟು ಬರೋದು ಅಂತಾನೂ ತೀರ್ಮಾನ ಆಗಿರಲಿಲ್ಲ. ಆದ್ರೂ ನಾನು ಅಲಾರಂ ಇಟ್ಟು ಜುಲೈ ತಿಂಗಳಿಗೆ ಮೂರು ಬೇರೆ ಬೇರೆ ವೀಕೆಂಡ್ ಬುಕ್ ಮಾಡಿದೆ. ಬಂದ್ರೆ ಯಾವುದಾದ್ರೂ ಒಂದಕ್ಕೆ ಹೋಗೋಣ, ಉಳಿದಿದ್ದು ಕ್ಯಾನ್ಸಲ್ ಮಾಡಿದ್ರೆ ಆಯ್ತು, ಹೋಗೋದು ಎಂಟು ಡಾಲರ್ ಅಂತ. ಇಂಟರ್ವ್ಯೂ ಮುಂದಕ್ಕೆ ಹೋಯ್ತು, ಮತ್ತೆ ಮುಂದಕ್ಕೆ ಹೋಯ್ತು. ಜೂನಲ್ಲಿ ಎರಡು ಬುಕಿಂಗ್ ಬಿಟ್ಟೆ. ಮೂರನೇದು ಜುಲೈ ಕೊನೆಗೆ ಇತ್ತು, ಅದನ್ನ ಬಿಡೋಕೆ ಮನಸ್ಸು ಬರಲಿಲ್ಲ, ಅದನ್ನೂ ಬಿಟ್ರೆ ಈ ವರ್ಷ ಅವ್ರು ಬರಲ್ಲ ಅಂತ ನಾನೇ ಒಪ್ಪಿಕೊಂಡ ಹಾಗೆ ಅನ್ನಿಸ್ತಿತ್ತು. ಇಟ್ಟುಕೊಂಡೇ ಇದ್ದೆ. ಆಮೇಲೆ ಆಫೀಸು, ಪುಟ್ಟಿಗೆ ಜ್ವರ, ಅದು ಇದು ಅಂತ ಪೂರ್ತಿ ಮರೆತೇ ಹೋಯ್ತು. ಒಂದು ಶನಿವಾರ ಮಧ್ಯಾಹ್ನ ಬಟ್ಟೆ ಮಡಚ್ತಾ ಇದ್ದಾಗ ನೆನಪಾಯ್ತು, ನಿನ್ನೆ ರಾತ್ರಿ ನಮ್ಮ ಹೆಸರಲ್ಲಿ ಒಂದು ಸೈಟ್ ಖಾಲಿ ಇತ್ತು, ಇವತ್ತು ರಾತ್ರೀನೂ ಖಾಲಿ ಇರುತ್ತೆ.

ದುಡ್ಡು ಹೋಯ್ತಲ್ಲ ಅಂತ ಅವತ್ತು ಬೇಜಾರಾಗಿತ್ತು, ನಿಜ ಹೇಳಬೇಕು ಅಂದ್ರೆ ಅಷ್ಟೇ ಆಗಿತ್ತು. ಅದ್ರ ಪೂರ್ತಿ ಭಾರ ಗೊತ್ತಾಗಿದ್ದು ಸೆಪ್ಟೆಂಬರಲ್ಲಿ. ನಾವು ಮೂರೇ ಜನ ಸಮುದ್ರದ ಹತ್ರದ ಒಂದು ಪಾರ್ಕಿಗೆ ಹೋಗಿದ್ವಿ, ಯಾರೋ ಬಿಟ್ಟ ಜಾಗ ಕೊನೇ ವಾರ ಸಿಕ್ಕಿತ್ತು. ಗೇಟ್ ಹತ್ರ ನಮ್ಮ ಮುಂದೆ ಒಂದು ಹಳೇ ವ್ಯಾನು. ಗಂಡ ಹೆಂಡತಿ, ಹಿಂದೆ ಮೂರು ಮಕ್ಕಳು, ಮೇಲೆ ಟಾರ್ಪಾಲಲ್ಲಿ ಕಟ್ಟಿದ ಸಾಮಾನು. ಆತ ಸ್ಪ್ಯಾನಿಷಲ್ಲಿ ಮಗಳಿಗೆ ಹೇಳೋದು, ಮಗಳು ಇಂಗ್ಲಿಷಲ್ಲಿ ಕಿಟಕಿಯೊಳಗೆ ಕೇಳೋದು, ಒಳಗಿರೋವ್ರು ಪಾಪ ಎಷ್ಟು ಮೆತ್ತಗೆ ಹೇಳಬಹುದೋ ಅಷ್ಟು ಮೆತ್ತಗೆ ಫುಲ್ ಆಗಿದೆ ಅಂತ ಹೇಳೋದು. ವ್ಯಾನ್ ತಿರುಗಿಸಿಕೊಂಡು ಹೋದ್ರು. ರಜೆ ಸಿಗುತ್ತೋ ಇಲ್ವೋ ಅಂತ ಗುರುವಾರದವರೆಗೂ ಗೊತ್ತಾಗದ ಕೆಲಸ ಆ ಮಕ್ಕಳ ಅಪ್ಪನಿಗೆ ಇದ್ರೆ ಮಾರ್ಚಲ್ಲಿ ಕೂತು ಸೆಪ್ಟೆಂಬರ್ ಬುಕ್ ಮಾಡೋದು ಹೇಗೆ. ನಾವು ಒಳಗೆ ಹೋಗಿ ಟೆಂಟ್ ಹಾಕಿದ್ವಿ. ಕತ್ತಲಾದ ಮೇಲೆ ಪುಟ್ಟಿನ ಟಾಯ್ಲೆಟ್ಟಿಗೆ ಕರ್ಕೊಂಡು ಹೋಗ್ತಾ ನೋಡ್ತೀನಿ, ನಮ್ಮ ಸಾಲಲ್ಲೇ ನಾಲ್ಕು ಸೈಟ್ ಖಾಲಿ. ಕಂಬಕ್ಕೆ ಹೆಸರು ಬರೆದ ಚೀಟಿ ಸಿಕ್ಕಿಸಿದೆ, ಮೇಜಿನ ಮೇಲೆ ಎಲೆ ಬಿದ್ದಿದೆ, ಯಾರೂ ಇಲ್ಲ. ಬೆಳಗ್ಗೆ ಎದ್ದಾಗಲೂ ಯಾರೂ ಇಲ್ಲ. ಚೀಟಿ ಹಾಗೇ ಗಾಳಿಗೆ ಪಟಪಟ ಅಂತಿದೆ. ಜುಲೈಯಲ್ಲಿ ಇಂಥದ್ದೇ ಒಂದು ಕಂಬಕ್ಕೆ ನನ್ನ ಹೆಸರಿತ್ತು.

ಎಲ್ರೂ ಕೆಟ್ಟವ್ರು ಅಂತ ನಾನು ಹೇಳ್ತಿಲ್ಲ. ಆ ನಾಲ್ಕರಲ್ಲಿ ಒಬ್ರಿಗೆ ಆಸ್ಪತ್ರೆ, ಒಬ್ರಿಗೆ ಆಫೀಸಲ್ಲಿ ತೊಂದರೆ, ಏನೋ ಆಗಿರಬಹುದು. ಆರು ತಿಂಗಳಲ್ಲಿ ಏನು ಬೇಕಾದ್ರೂ ಆಗುತ್ತೆ, ಅದೇ ನಾನು ಹೇಳ್ತಿರೋದು. ಇಷ್ಟು ಮುಂಚೆ ಹೇಳು ಅಂತ ಕೇಳಿದ್ರೆ ಜನ ಗೊತ್ತಿಲ್ಲದಿದ್ರೂ ಹೇಳ್ತಾರೆ, ಒಂದಲ್ಲ ಮೂರು ಕಡೆ ಹೇಳ್ತಾರೆ, ಆಮೇಲೆ ಮರೀತಾರೆ. ಮರೆಯೋಕೆ ಸಾಕಾಗುವಷ್ಟು ಸಮಯ ಅದರಲ್ಲೇ ಇದೆ. ನಮ್ಮ ರೈಲ್ವೆಯವ್ರು 2024ರ ನವೆಂಬರಿಂದ ರಿಸರ್ವೇಷನ್ನ 120 ದಿನದಿಂದ 60 ದಿನಕ್ಕೆ ಇಳಿಸಿದ್ರಲ್ಲ, ಮುಂಚೆ ಮಾಡಿಸಿದವ್ರಲ್ಲಿ ತುಂಬಾ ಜನ ಕ್ಯಾನ್ಸಲ್ ಮಾಡ್ತಾರೆ, ಬರೋದೇ ಇಲ್ಲ ಅಂತಾನೇ ಇಳಿಸಿದ್ದು. ಅದನ್ನ ಓದಿದಾಗ ನನಗೆ ಈ ಕಂಬದ ಚೀಟಿಗಳೇ ಕಣ್ಣ ಮುಂದೆ ಬಂದವು.

ಕ್ಯಾಲಿಫೋರ್ನಿಯಾದವ್ರೂ ಸುಮ್ಮನೆ ಕೂತಿಲ್ಲ. 2023ರಲ್ಲಿ ಎಬಿ 618 ಅಂತ ಒಂದು ಕಾನೂನು ಆಯ್ತು. ಈಗ ಏಳು ದಿನ ಅಥವಾ ಅದಕ್ಕೂ ಮುಂಚೆ ಬಿಟ್ಟುಕೊಟ್ರೆ ಬುಕಿಂಗ್ ಫೀ ಮಾತ್ರ ಹೋಗುತ್ತೆ, ಆಮೇಲೆ ಬಿಟ್ರೆ ಮೊದಲ ರಾತ್ರಿ ದುಡ್ಡು ಹೋಗುತ್ತೆ, ತೀರಾ ಕೊನೇ ಗಳಿಗೆಗೆ ಬಿಟ್ರೆ ಪೂರ್ತಿ ಹೋಗುತ್ತೆ. ತುಂಬಾ ಬೇಡಿಕೆ ಇರೋ ಕೆಲವು ಪಾರ್ಕಲ್ಲಿ ಎಂಟು ಗಂಟೆ ಓಟ ಬಿಟ್ಟು ಲಾಟರಿ ಎತ್ತಿ ನೋಡೋಕೂ ಅದರಲ್ಲೇ ಅವಕಾಶ ಇದೆ. ಲಾಟರಿ ನನಗೆ ಇಷ್ಟ. ಎಂಟು ಗಂಟೆಗೆ ಕೆಲಸದ ಮೇಲೆ ಇರೋ ನರ್ಸಿಗೂ, ಬಸ್ ಓಡಿಸೋವ್ರಿಗೂ, ಮನೇಲಿ ಇಂಟರ್‌ನೆಟ್ ನಿಧಾನ ಇರೋವ್ರಿಗೂ, ನನ್ನ ಥರ ಲ್ಯಾಪ್‌ಟಾಪ್ ಮುಂದೆ ಕೂರೋ ಕೆಲಸ ಇರೋವ್ರಿಗೂ ಒಂದೇ ಅವಕಾಶ ಸಿಗುತ್ತಲ್ಲ. ಮೊಂಟಾನಾ ಯೂನಿವರ್ಸಿಟಿಯವ್ರು 2022ರಲ್ಲಿ ಕೇಂದ್ರ ಸರ್ಕಾರದ ಕ್ಯಾಂಪ್‌ಗ್ರೌಂಡ್‌ಗಳ ಮೇಲೆ ಒಂದು ಅಧ್ಯಯನ ಮಾಡಿದ್ರು. ಒಂದೇ ಕ್ಯಾಂಪ್‌ಗ್ರೌಂಡಲ್ಲಿ ಆನ್‌ಲೈನ್ ಬುಕ್ ಮಾಡಿ ಬರೋವ್ರು, ಮೊದಲು ಬಂದವ್ರಿಗೆ ಅನ್ನೋ ಜಾಗಕ್ಕೆ ಬರೋವ್ರಿಗಿಂತ ಹೆಚ್ಚು ವರಮಾನದ ಊರುಗಳಿಂದ ಬಂದವ್ರು ಅಂತ ಅವ್ರಿಗೆ ಕಂಡಿತು. ಆ ವ್ಯಾನ್ ನೋಡಿದ ಮೇಲೆ ನನಗೆ ಇದರಲ್ಲಿ ಆಶ್ಚರ್ಯ ಅನ್ನಿಸಲಿಲ್ಲ.

ಹಾಗಂತ ಬುಕಿಂಗೇ ಬೇಡ ಅನ್ನೋಕೂ ಆಗಲ್ಲ. 2024ರ ಜನವರಿಲಿ ಕುಮಾರ ಪರ್ವತಕ್ಕೆ ಒಂದೇ ಸಲ ಸಾವಿರಾರು ಜನ ಹತ್ತಿದ ವಿಡಿಯೋ ನೀವೂ ನೋಡಿರ್ತೀರ. ಗಿರಿಗದ್ದೆ ದಾರಿಲಿ ತಲೆ ಬಿಟ್ರೆ ಹುಲ್ಲು ಕಾಣ್ತಿರಲಿಲ್ಲ. ಆಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ದೆ ಟ್ರೆಕ್ಕಿಂಗ್ ಇಲ್ಲ, ದಿನಕ್ಕೆ 300 ಜನ ಅಂತ ಮಾಡ್ತು. ಬೆಂಗಳೂರಲ್ಲಿರೋ ನನ್ನ ತಮ್ಮ ಈಗ ಅದಕ್ಕೆ ಕಾಯ್ತಾನೆ, ಸಿಗಲಿಲ್ಲ ಅಂತ ನನಗೆ ಮೆಸೇಜ್ ಮಾಡ್ತಾನೆ. ಕಾಡಿಗೆ ಒಂದು ಮಿತಿ ಇರಲೇಬೇಕು. ಆ ಮಿತಿಯೊಳಗೆ ಸಿಕ್ಕ ಜಾಗನ ಖಾಲಿ ಬಿಡೋದು ಮಾತ್ರ ನನಗೆ ಈಗ ಅನ್ನ ಬಿಸಾಡಿದ ಹಾಗೆ ಕಾಣುತ್ತೆ.

ಆ ವರ್ಷದ ಮೇಲೆ ನಾನು ಮೂರು ಮೂರು ಬುಕ್ ಮಾಡೋದು ಬಿಟ್ಟೆ. ಬೇರೆಯವ್ರು ಬಿಟ್ಟ ಜಾಗ ಹುಡುಕೋದು ಕಲಿತೆ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಬರೀತಿದೀನಿ. ಏಳು ದಿನದ ಗಡಿ ಇರೋದ್ರಿಂದ ಒಂದು ವಾರ ಮುಂಚೆ, ಎಂಟು ಒಂಬತ್ತು ದಿನ ಇರುವಾಗ, ಜನ ಬಿಟ್ಟುಕೊಡ್ತಾರೆ, ಆವಾಗ ದಿನಕ್ಕೆ ಎರಡು ಮೂರು ಸಲ ನೋಡಬೇಕು. ಖಾಲಿ ಆದ್ರೆ ತಿಳಿಸು ಅಂತ ವೆಬ್‌ಸೈಟಲ್ಲೇ ಹೇಳಿ ಇಡಬಹುದು. ಶುಕ್ರವಾರ ಶನಿವಾರದ ಹಠ ಬಿಟ್ಟು ಸೋಮವಾರ ಮಂಗಳವಾರ ಹೋಗೋಕಾದ್ರೆ ಜೂನಲ್ಲೂ ಜಾಗ ಸಿಗುತ್ತೆ. ಸೈಕಲ್ ಮೇಲೋ ನಡ್ಕೊಂಡೋ ಬರೋವ್ರಿಗೆ ಕೆಲವು ಪಾರ್ಕಲ್ಲಿ ಬುಕಿಂಗ್ ಬೇಡದ ಜಾಗಗಳೇ ಇವೆ, ತಲೆಗೆ ಇಷ್ಟು ಅಂತ ಕೆಲವೇ ಡಾಲರ್. ಸಮುದ್ರದ ಗುಂಟ ಸೈಕಲ್ ಹೊಡ್ಕೊಂಡು ಹೋಗೋ ಹುಡುಗರು ಅಲ್ಲೇ ಉಳಿಯೋದು. ಇದೊಂದು ಒಳ್ಳೆ ಪದ್ಧತಿ, ಯಾರು ಮಾಡಿದ್ರೋ ಅವ್ರ ಹೊಟ್ಟೆ ತಣ್ಣಗಿರಲಿ.

ಅಪ್ಪಯ್ಯ ಅಮ್ಮ ಬಂದು ಮೂರು ವಾರ ಆಗಿತ್ತು. ಒಂದು ಮಂಗಳವಾರ ಮಧ್ಯಾಹ್ನ ಪೋರ್ಟೋಲಾ ರೆಡ್‌ವುಡ್ಸಲ್ಲಿ ಮುಂದಿನ ಬುಧವಾರ ಗುರುವಾರ ಎರಡು ರಾತ್ರಿ ಖಾಲಿ ಆಯ್ತು ಅಂತ ಬಂತು. ಮೀಟಿಂಗಲ್ಲಿ ಕೂತಿದ್ದೆ, ಕೈ ನಡುಗ್ತಾ ಬುಕ್ ಮಾಡಿದೆ. ಸಂಜೆ ಅಪ್ಪಯ್ಯನಿಗೆ ಇಷ್ಟೂ ಕಥೆ ಹೇಳಿದೆ, ಅಲಾರಂ, ಆರು ತಿಂಗಳು, ಬುಧವಾರದ ಉಪಾಯ, ಎಲ್ಲಾ. ಪೂರ್ತಿ ಕೇಳಿ, "ಎಂತ ಮಾರಾಯ್ತಿ, ಕಾಡಲ್ಲಿ ಮಲಗೋಕೆ ತತ್ಕಾಲ್ ಮಾಡಿಸಿದ್ಯಾ?" ಅಂದ್ರು. ಪುಟ್ಟಿಗೆ ತತ್ಕಾಲ್ ಅಂದ್ರೆ ಏನಂತ ಅಮ್ಮ ಅರ್ಧ ಗಂಟೆ ವಿವರಿಸಿದ್ರು, ಬೆಳಗ್ಗೆ ಹತ್ತಕ್ಕೆ ಏಸಿ, ಹನ್ನೊಂದಕ್ಕೆ ಸ್ಲೀಪರು, ಶಿವಮೊಗ್ಗ ಸ್ಟೇಷನ್ ಕೌಂಟರಲ್ಲಿ ಬೆಳಗಿನ ಜಾವ ಹೋಗಿ ಚಪ್ಪಲಿ ಸಾಲಲ್ಲಿ ಇಟ್ಟು ಬರ್ತಿದ್ದಿದ್ದು.

ಪೋರ್ಟೋಲಾಗೆ ಹೋಗೋ ದಾರಿ ಬೆಟ್ಟದ ನೆತ್ತಿಯಿಂದ ಕೆಳಗೆ ಇಳಿಯುತ್ತೆ, ತಿರುವು ತಿರುವು, ಆಗುಂಬೆ ಘಾಟಿ ಇದ್ದ ಹಾಗೇ ಇದೆ ಅಂತ ಅಮ್ಮ ಕಣ್ಣು ಮುಚ್ಚಿಕೊಂಡೇ ಇದ್ರು. ಫೋನಿನ ಸಿಗ್ನಲ್ ಅರ್ಧ ದಾರಿಲೇ ಹೋಗುತ್ತೆ. ಕೆಳಗೆ ಹೋದ್ರೆ ತಂಪು, ಒದ್ದೆ ಮಣ್ಣಿನ ವಾಸನೆ, ತಲೆ ಎತ್ತಿದ್ರೆ ಕೊನೆ ಕಾಣದ ಮರಗಳು. ಅಪ್ಪಯ್ಯ ಕಾರಿಂದ ಇಳಿದು ಒಂದು ಮರಕ್ಕೆ ಅಂಗೈ ಊರಿ ನಿಂತ್ರು, ಏನೂ ಮಾತಾಡಲಿಲ್ಲ.

ಗೇಟಲ್ಲಿ ಪ್ರತಿಯೊಬ್ರಿಗೂ ಒಂದು ವಿಷಯ ಹೇಳ್ತಾರೆ: ತಿಂಡಿಯ ಒಂದು ಚೂರೂ ನೆಲಕ್ಕೆ ಬೀಳಬಾರದು. ಮರ್ಲೆಟ್ ಅಂತ ಒಂದು ಕಡಲ ಹಕ್ಕಿ ಇದೆ. ಮೀನು ಹಿಡಿಯೋದು ಸಮುದ್ರದಲ್ಲಿ, ಮೊಟ್ಟೆ ಇಡೋದು ಮಾತ್ರ ಮೈಲಿಗಟ್ಟಲೆ ಒಳಗಿನ ಈ ಹಳೇ ರೆಡ್‌ವುಡ್‌ಗಳ ಮೇಲಿನ ಅಗಲ ಕೊಂಬೆಯ ಪಾಚಿ ಮೇಲೆ, ವರ್ಷಕ್ಕೆ ಒಂದೇ ಮೊಟ್ಟೆ. ನಾವು ಚೆಲ್ಲಿದ ತಿಂಡಿಗೆ ಜೇ ಹಕ್ಕಿ, ದೊಡ್ಡ ಕಾಗೆ ಎಲ್ಲಾ ಬರುತ್ತೆ, ಬಂದವು ಆ ಮೊಟ್ಟೆಗಳನ್ನೂ ಹುಡುಕಿ ತಿನ್ನುತ್ತೆ. ಈ ಹಕ್ಕಿ ಎಲ್ಲಿ ಗೂಡು ಮಾಡುತ್ತೆ ಅಂತ ಪಕ್ಷಿ ಶಾಸ್ತ್ರದವ್ರು ಎಷ್ಟೋ ಕಾಲ ಹುಡುಕಿದ್ರೂ ಸಿಕ್ಕಿರಲಿಲ್ಲ. 1974ರಲ್ಲಿ ಬಿಗ್ ಬೇಸಿನ್ ಕ್ಯಾಂಪ್‌ಗ್ರೌಂಡಲ್ಲಿ ಮರ ಹತ್ತಿ ಕೊಂಬೆ ಸವರೋ ಕೆಲಸದವ್ರಿಗೆ ಕಾಣಿಸ್ತು. ಇದನ್ನ ನಾನು ಹೇಳಿದ್ದೇ ಅಪ್ಪಯ್ಯನ ಮುಖ ಅರಳಿತು. "ನಮ್ಮ ಕೊನೆಗೌಡನ ಹಂಗೆ ಅನ್ನು. ಮೇಲೆ ಎಂತ ಉಂಟು ಅಂತ ಮರ ಹತ್ತೋನಿಗೇ ಗೊತ್ತಾಗೋದು." ತೀರ್ಥಹಳ್ಳಿ ಕಡೆ ಅಡಿಕೆ ಮರ ಹತ್ತಿ ಕೊನೆ ಇಳಿಸೋವ್ರಿಗೆ ಕೊನೆಗೌಡ ಅಂತೀವಿ. ಮನೆ ಹಿಂದಿನ ಬೆಟ್ಟದ ಯಾವ ಮರದ ಪೊಟರೇಲಿ ಮಂಗಟ್ಟೆ ಗೂಡು ಮಾಡಿದೆ ಅಂತ ಅಪ್ಪಯ್ಯನಿಗೆ ತೋರಿಸಿಕೊಟ್ಟಿದ್ದೂ ಅಂಥವ್ರೇ ಒಬ್ರು.

ಕೆಳಗೆ ಬಿದ್ದ ಕಟ್ಟಿಗೆ ಆರಿಸಬಾರದು, ಅಲ್ಲೇ ಮಾರೋ ಕಟ್ಟು ತಗೋಬೇಕು ಅನ್ನೋ ನಿಯಮಕ್ಕೆ ಮಾತ್ರ ಒಂದು ಗಳಿಗೆ ಯೋಚನೆ ಮಾಡಿದ್ರು. ಆಮೇಲೆ ಅವ್ರೇ ಹೇಳಿದ್ರು, ಸರಿ ಉಂಟು, ಎಲ್ರೂ ಹೊತ್ತುಕೊಂಡು ಹೋದ್ರೆ ನೆಲಕ್ಕೆ ಏನು ಉಳಿಯುತ್ತೆ. ನಮ್ಮಲ್ಲಿ ಸೊಪ್ಪಿನಬೆಟ್ಟ ಅಂತ ಇರುತ್ತಲ್ಲ, ತೋಟಕ್ಕೆ ಸೊಪ್ಪು ದರಗು ತರೋಕೆ ಬಿಟ್ಟ ಕಾಡು, ಜಾಗ ನಮ್ಮದಲ್ಲ, ತರೋ ಹಕ್ಕು ಮಾತ್ರ ನಮ್ಮದು. ಹಂಗೇ ಇದು, ಎರಡು ರಾತ್ರಿಯ ಹಕ್ಕು, ಅಂದ್ರು. ಬೆಂಕಿ ಹಾಕೋಕೆ ನಾವು ಮೂರು ಜನ ಒದ್ದಾಡೋದು ನೋಡಿ ಪಕ್ಕಕ್ಕೆ ಸರಿಸಿ, ಬಚ್ಚಲು ಒಲೆಗೆ ಹಚ್ಚೋ ಹಾಗೆ ಸಣ್ಣದಾಗಿ ಸೀಳಿ, ಒಂದೇ ಕಡ್ಡಿಲಿ ಹಚ್ಚಿಬಿಟ್ರು. ಅಮ್ಮ ಮನೆಯಿಂದ ತಂದ ಚಿತ್ರಾನ್ನ, ಮೊಸರನ್ನ, ಬೆಂಕಿ ಮೇಲೆ ಸುಟ್ಟ ಹಪ್ಪಳ. ಆ ಕಪ್ಪು ಜುಟ್ಟಿನ ನೀಲಿ ಜೇ ಒಂದು ಎದುರಿನ ಕೊಂಬೆ ಮೇಲೆ ಕೂತು ನಮ್ಮನ್ನೇ ನೋಡ್ತಿತ್ತು. ಅಪ್ಪಯ್ಯ ಅದನ್ನ ನೀಲಿ ಕಾಗೆ ಅಂತಲೇ ಕರೆದ್ರು, ಅದು ಕಾಗೆ ಕುಟುಂಬದ್ದೇ ಅಂತ ನಾನು ಹೇಳೋ ಮುಂಚೆನೇ.

ರಾತ್ರಿ ಹತ್ತರ ಮೇಲೆ ಗಲಾಟೆ ಮಾಡೋ ಹಾಗಿಲ್ಲ, ಯಾರೂ ಮಾಡಲೂ ಇಲ್ಲ. ಅಪ್ಪಯ್ಯ ಟೆಂಟಿನ ಜಿಪ್ ಸ್ವಲ್ಪ ತೆಗೆದಿಟ್ಟು ಮಲಗಿದ್ರು. ಬೆಳಗಿನ ಜಾವ ಇನ್ನೂ ಕತ್ತಲಿದ್ದಾಗ ನನ್ನ ಕಾಲು ಅಲುಗಾಡಿಸಿ ಎಬ್ಬಿಸಿ, ಮೇಲೆ ತುಂಬಾ ಎತ್ತರದಲ್ಲಿ ಏನೋ ಕೂಗಿಕೊಂಡು ಹೋಯ್ತು, ಎರಡು ಸಲ, ಕೀರ್ ಅಂತ, ಸಮುದ್ರದ ಕಡೆಗೆ ಅಂದ್ರು. ನನಗೆ ಕೇಳಿಸಲಿಲ್ಲ. ಮತ್ತೆ ಬರುತ್ತೇನೋ ಅಂತ ಇಬ್ರೂ ಹೊರಗೆ ಬಂದು ಬೆಂಚಿನ ಮೇಲೆ ಕಂಬಳಿ ಹೊದ್ದು ಕೂತ್ವಿ. ಬೆಳಕಾಗೋವರೆಗೆ ಕೂತಿದ್ವಿ. ನಾನು ಮದುವೆ ಆಗಿ ಬಂದ ಮೇಲೆ ಅಪ್ಪಯ್ಯನ ಪಕ್ಕ ಹಾಗೆ ಸುಮ್ಮನೆ ಕೂತಿದ್ದು ಅದೇ ಮೊದಲು ಅಂತ ಕಾಣುತ್ತೆ.

7:55ಕ್ಕೆ ನನ್ನ ಫೋನ್ ಹೊಡ್ಕೊಳ್ತು. ಆ ಅಲಾರಂ ತೆಗೆದೇ ಇರಲಿಲ್ಲ ನಾನು. ಸಿಗ್ನಲ್ ಇಲ್ಲ, ಏನೂ ಮಾಡೋಕಾಗಲ್ಲ. "ಇವತ್ತು ಯಾವ ತಾರೀಖಿಂದು ತೆಗೀತಾರೆ?" ಅಂತ ಅಪ್ಪಯ್ಯ ಕೇಳಿದ್ರು. ಡಿಸೆಂಬರಿಂದು ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ಡಿಸೆಂಬರಲ್ಲಿ ಕೊನೆ ಕೊಯ್ಲು" ಅಂದ್ರು.

ಅಮ್ಮನಿಗೆ ರಾತ್ರಿ ಚಳಿಗೆ ಮಂಡಿ ಹಿಡ್ಕೊಂಡಿತ್ತು, ಹೇಳಲಿಲ್ಲ, ಆದ್ರೆ ಬೆಂಚಿಂದ ಏಳೋವಾಗ ಗೊತ್ತಾಯ್ತು. ಇನ್ನೊಂದು ರಾತ್ರಿ ಬೇಡ ಅಂತ ನಾನೂ ಇವ್ರೂ ತೀರ್ಮಾನ ಮಾಡಿದ್ವಿ. ಟೆಂಟ್ ಇಲ್ಲೇ ಇರಲಿ, ಮನೆಗೆ ಹೋಗಿ ಅವ್ರನ್ನ ಬಿಟ್ಟು ಸಂಜೆ ನಾವು ಮೂರು ಜನ ಬರಬಹುದಾ ಅಂತ ಇವ್ರು ಲೆಕ್ಕ ಹಾಕ್ತಿದ್ರು. ಅಪ್ಪಯ್ಯ ಆಗ್ಲೇ ಟೆಂಟಿನ ಗೂಟ ಕೀಳೋಕೆ ಶುರು ಮಾಡಿದ್ರು. ಆ ವ್ಯಾನಿನ ಕಥೇನೂ ನಾನು ಅವ್ರಿಗೆ ಹೇಳಿದ್ದೆ. "ಹೋಗಿ ಹೇಳು ಅವ್ರಿಗೆ, ಇವತ್ತು ರಾತ್ರಿ ನಮಗೆ ಬೇಡ ಅಂತ. ಮಧ್ಯಾಹ್ನದೊಳಗೆ ಹೇಳಿದ್ರೆ ಯಾರಿಗಾದ್ರೂ ಆಗ್ತದೆ."

ಗೇಟಿಗೆ ನಡ್ಕೊಂಡು ಹೋದೆ. ಕಿಟಕಿ ಒಳಗಿದ್ದ ಹುಡುಗಿ ಎರಡು ಸಲ ಕೇಳಿದ್ಲು, ನಿಜವಾಗ್ಲೂ ಬೇಡ್ವಾ, ದುಡ್ಡು ವಾಪಸ್ ಬರಲ್ಲ ಅಂತ. ಬೇಡ ಅಂದೆ. ಥ್ಯಾಂಕ್ಯೂ ಅಂತ ಹೇಳಿ ಹಾಳೆ ಮೇಲೆ ಏನೋ ಬರ್ಕೊಂಡ್ಲು. ವಾಪಸ್ ಬರೋವಾಗ ನಮ್ಮ ಕಂಬದ ಚೀಟಿ ನಾನೇ ತೆಗೆದೆ. ಟೆಂಟ್ ಮಡಚಿ ಆಗಿತ್ತು, ಅಮ್ಮ ಕಾರಲ್ಲಿ ಕೂತಿದ್ರು. ಅಪ್ಪಯ್ಯ ಪುಟ್ಟಿನ ಜೊತೆ ಮೇಜಿನ ಕೆಳಗೆ ಬಗ್ಗಿ, ಟಾರ್ಚ್ ಹಾಕಿಕೊಂಡು, ಹಳದಿ ಚಿತ್ರಾನ್ನದ ಅಗುಳು ಒಂದೊಂದೇ ಆರಿಸಿ ಅಂಗೈಲಿ ಹಾಕ್ಕೊಳ್ತಾ ಇದ್ರು.